ಪೆಡಲಿಗೆ ಕೊಟ್ಟ ಚಕ್ಕೆ

ಕಂಪ್ಯೂಟರ್ ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ‘ಬಿಲ್ಡ್ ಯಶಸ್ವಿ’ ಎಂದು ಬಂತು. ಆ ಪರದೆಗೇ ಎತ್ತಿ ಒಂದು ಬಾರಿಸಬೇಕು ಅನ್ನಿಸಿತು ನಿಖಾತ್‌ಗೆ.

ಯಶಸ್ವಿಯಂತೆ! ಆಸ್ಪತ್ರೆಯಲ್ಲಿ ಅವಳ ಸೋದರಮಾವ ಮಕ್ಬೂಲ್ ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜ್ ಸುತ್ತಿಸಿಕೊಂಡು ಮಲಗಿದ್ದಾರೆ. ತೋರುಬೆರಳು ಅರ್ಧ ಹೋಗಿದೆ. ನಡುಬೆರಳು ಇದೆ, ಆದರೆ ಇನ್ನು ಮಡಚುವುದಿಲ್ಲ ಎಂದಿದ್ದಾರೆ ಡಾಕ್ಟರು. ಮೀಸೆ ಮೂಡುವ ಮೊದಲೇ ಲೇತಿಗೆ ಕೂತವರು ಅವರು. ಅರಗಿನ ಕಡ್ಡಿಯನ್ನು ಆ ಎರಡು ಬೆರಳಿನ ನಡುವೆ ಹಿಡಿದು ಎಷ್ಟು ಸಾವಿರ ಬೊಂಬೆಗಳಿಗೆ ಬಣ್ಣ ಕೊಟ್ಟಿದ್ದಾರೋ ಅವರಿಗೇ ಗೊತ್ತಿಲ್ಲ. ಈ ದರಿದ್ರ ಪರದೆ ಇಲ್ಲಿ ಹಸಿರಾಗಿ ಹಲ್ಲು ಕಿರಿಯುತ್ತಿತ್ತು.

ಅವಳು ಆಸ್ಪತ್ರೆಯಿಂದ ನೇರ ಆಫೀಸಿಗೆ ಬಂದಿದ್ದಳು. ಆಫೀಸು ಎಂದರೆ ಹೈವೇ ಪಕ್ಕದ ಎರಡು ಕೋಣೆ, ‘ಬಸವಸಿರಿ ಕಂಟ್ರೋಲ್ಸ್’ ಎಂಬ ಬೋರ್ಡು. ಮಾಲೀಕರು ರುದ್ರಯ್ಯ, ಕೂಟಗಲ್ ಕಡೆಯವರು. ಸುಟ್ಟ ಮೋಟರಿಗೆ ವೈಂಡಿಂಗ್ ಕಟ್ಟುತ್ತಾ ಮೇಲೆ ಬಂದ ಮನುಷ್ಯ. ಈಗ ಮೋಟರ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡುಗಳನ್ನೇ ಮಾಡಿಸಿ ಮಾರುತ್ತಾರೆ. ಚನ್ನಪಟ್ಟಣದ ಬೊಂಬೆ ಲೇತಿಗೂ ರಾಮನಗರದ ರೇಷ್ಮೆ ರೀಲಿಂಗ್ ಮಷಿನ್ನಿಗೂ ಅವರದೇ ಬೋರ್ಡು. ಮಕ್ಬೂಲ್ ಕೆಲಸ ಮಾಡುವ ಶೆಡ್ಡಿನ ಲೇತುಗಳಿಗೂ ಅವರದೇ. ಬೋರ್ಡಿನೊಳಗಿನ ಪ್ರೋಗ್ರಾಂ ಬರೆಯುವವಳು ನಿಖಾತ್.

ಮಾಮು ಆಸ್ಪತ್ರೆಯಲ್ಲಿ ಹೇಳಿದ್ದು ನಾಲ್ಕೇ ಮಾತು. ಕರೆಂಟ್ ಹೋಯಿತು. ಲೇತ್ ನಿಂತಿತು. ಬೊಂಬೆ ಮೇಲೆ ಅಂಟಿದ್ದ ಅರಗನ್ನು ಬಟ್ಟೆಯಿಂದ ಒರೆಸುತ್ತಾ ಕೂತಿದ್ದೆ, ಕರೆಂಟ್ ಬಂತು, ಬಟ್ಟೆ ಸುತ್ತಿಕೊಂಡು ಬೆರಳನ್ನೂ ಎಳೆದುಕೊಂಡಿತು.

“ತಾನಾಗೇ ತಿರುಗ್ತಾ?” ಎಂದು ಕೇಳಿದ್ದಳು ನಿಖಾತ್.

“ಹೂಂ. ಪೆಡಲಿಗೆ ಚಕ್ಕೆ ಕೊಟ್ಟಿದ್ದೆ ನೋಡು.”

ಚಕ್ಕೆ! ಆ ಚಕ್ಕೆಯ ವಿಷಯ ಚನ್ನಪಟ್ಟಣದಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ ಹೇಳಿ? ಲೇತ್ ತಿರುಗಬೇಕಾದರೆ ಕಾಲಿನಿಂದ ಪೆಡಲ್ ಒತ್ತಿ ಹಿಡಿದಿರಬೇಕು. ಕಾಲು ತೆಗೆದರೆ ನಿಲ್ಲಬೇಕು. ಕಾಗದದ ಮೇಲೆ ಬಲು ಚೆಂದ. ಬೆಳಗಿನಿಂದ ಸಂಜೆತನಕ ಒಂದೇ ಕಾಲಲ್ಲಿ ಒತ್ತಿಕೊಂಡು ಕೂತವರ ಮೊಣಕಾಲನ್ನು ಕೇಳಿ ನೋಡಿ! ಅದಕ್ಕೇ ಎಲ್ಲರೂ ಹಾಲೆಮರದ ಒಂದು ಚಕ್ಕೆಯನ್ನು ಪೆಡಲಿನ ಸಂದಿಗೆ ತುರುಕಿ, ಅದು ಒತ್ತಿಕೊಂಡೇ ಇರುವ ಹಾಗೆ ಮಾಡಿಬಿಡುತ್ತಾರೆ. ಗಂಡಸರು, ಹೆಂಗಸರು, ಹೊಸಬರು, ಹಳಬರು, ಯಾರೂ ಹೊರತಲ್ಲ. ದಿನಕ್ಕೆ ಹತ್ತು ಸಲ ಹೋಗಿ ಬರುವ ಕರೆಂಟಿಗೆ ಪ್ರತಿಸಲವೂ ಎದ್ದು ಮೈನ್ ಸ್ವಿಚ್ ಆರಿಸುವವರೂ ಇಲ್ಲ.

ನಿಖಾತ್ ಈ ಚಕ್ಕೆಗಳ ನಡುವೆಯೇ ಅಂಬೆಗಾಲಿಟ್ಟವಳು. ಅದಕ್ಕೇ ಲೇತಿನ ಪ್ರೋಗ್ರಾಂನಲ್ಲಿ ಅವಳು ಒಂದು ಬೀಗ ಇಟ್ಟಿದ್ದಳು. ಬೀಗ ಎಂದು ಹೆಸರಿಟ್ಟವಳೂ ಅವಳೇ. ಕರೆಂಟ್ ಹೋಗಿ ಬಂದಾಗ ಪೆಡಲ್ ಒತ್ತಿಕೊಂಡಿದ್ದರೂ ಲೇತ್ ತಿರುಗಕೂಡದು. ಮನುಷ್ಯ ಬಗ್ಗಿ ಚಕ್ಕೆ ಕಿತ್ತು, ಪೆಡಲ್ ಬಿಟ್ಟು, ಮತ್ತೆ ಒತ್ತಿದರೆ ಮಾತ್ರ ತಿರುಗಬೇಕು. ರೀಲಿಂಗ್ ಮಷಿನ್ನಿಗೆ ಇದು ಪೂರ್ತಿ ಉಲ್ಟಾ. ಅಲ್ಲಿ ಬಿಸಿನೀರಿನಲ್ಲಿ ಗೂಡು ಬೇಯುತ್ತಿರುತ್ತದೆ, ಕರೆಂಟ್ ಬಂದ ತಕ್ಷಣ ತಾನಾಗಿ ತಿರುಗದಿದ್ದರೆ ಎಳೆ ಕೆಟ್ಟುಹೋಗುತ್ತದೆ, ರಾಮನಗರದವರು ಫೋನಿನಲ್ಲೇ ಚಳಿ ಬಿಡಿಸುತ್ತಾರೆ. ಮೂಲ ಪ್ರೋಗ್ರಾಂ ಒಂದೇ. ಲೇತಿಗೆ ಬೀಗ ಬೇಕು, ರೀಲಿಂಗಿಗೆ ಬೀಗ ಬೇಡ.

ಇದರ ಮೇಲೆ ಬೋರ್ಡುಗಳ ಗೋಳು. ಒಂದು ಚಿಪ್ ಸಿಗದಿದ್ದ ಕಾಲಕ್ಕೆ ರುದ್ರಯ್ಯ ಬೆಂಗಳೂರಿನಲ್ಲಿ ಸಿಕ್ಕಿದ ಚಿಪ್ಪನ್ನೇ ತಂದು ಸುರಿದಿದ್ದರು. ಹೀಗೆ ಮೂರು ಥರದ ಬೋರ್ಡುಗಳಾಗಿದ್ದವು. ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ಅರ್ಥವಾಗುವ ಭಾಷೆಗೆ ಇಳಿಸಿಕೊಡುವುದು ಕಂಪೈಲರ್. ಮೂರು ಚಿಪ್ಪಿಗೆ ಮೂರು ಕಂಪೈಲರ್, ಒಂದಕ್ಕೆ ಹಾಕಿದ ಬುದ್ಧಿ ಇನ್ನೊಂದಕ್ಕೆ ಹತ್ತುವುದಿಲ್ಲ. ಇವನ್ನೆಲ್ಲ ಸಂಭಾಳಿಸುವುದು ಬಿಲ್ಡ್ ಟೂಲ್. ಲೇತೋ ರೀಲಿಂಗೋ, ಯಾವ ಬೋರ್ಡು ಎಂದು ಹೇಳಿದರೆ ಸಾಕು, ಅದು ಸರಿಯಾದ ಕಂಪೈಲರನ್ನು ಕರೆದು, ಆ ಮಷಿನ್ನಿಗೆ ತಕ್ಕ ಸೆಟ್ಟಿಂಗ್ ಕೊಟ್ಟು ಕೆಲಸ ಮಾಡಿಸುತ್ತದೆ. ಈ ಬಿಲ್ಡ್ ಟೂಲನ್ನು ಹದಕ್ಕೆ ತರಲು ನಿಖಾತ್ ಒಂದು ಬೇಸಿಗೆಯನ್ನೇ ಸುರಿದಿದ್ದಳು. ಪ್ರತಿ ಮಷಿನ್ನಿಗೂ ಬೇರೆ ಸೆಟ್ಟಿಂಗ್ ಫೈಲು, ಪ್ರತಿಯೊಂದರಲ್ಲೂ ಬೀಗ ಉಂಟೋ ಇಲ್ಲವೋ ಎಂಬ ಸಾಲು.

ಈಗ ಆ ಫೈಲುಗಳೇ ಇಲ್ಲ. ಅವುಗಳ ಜಾಗದಲ್ಲಿ ಎಲ್ಲಕ್ಕೂ ಸೇರಿ ಒಂದೇ ಫೈಲು ಕೂತಿತ್ತು. ಒಂದೇ ಕಂಪೈಲರ್, ಒಂದೇ ಸೆಟ್ಟಿಂಗ್. ಆ ಸೆಟ್ಟಿಂಗ್ ರೀಲಿಂಗ್ ಮಷಿನ್ನಿನದು. ಬೀಗ ಇಲ್ಲ.

“ಏನ್ ನಿಖಾತ್, ಬೇಗ ಬಂದ್ಬಿಟ್ರಿ? ಮಾವ ಹೇಗಿದಾರೆ?” ಎನ್ನುತ್ತಾ ಶಶಿಕಿರಣ್ ಕಾಫಿ ಲೋಟ ಹಿಡಿದು ಒಳಗೆ ಬಂದ. ರುದ್ರಯ್ಯನವರ ಅಕ್ಕನ ಮಗ. ಎಂಜಿನಿಯರಿಂಗ್ ಮುಗಿಸಿ, ಆರು ತಿಂಗಳ ಹಿಂದೆ ಬಂದು ಟೆಕ್ನಿಕಲ್ ಹೆಡ್ ಎಂಬ ಕುರ್ಚಿಯಲ್ಲಿ ಕೂತವನು.

“ಈ ಫೈಲುಗಳನ್ನ ಯಾರು ಒಂದು ಮಾಡಿದ್ದು?”

“ಓ, ಅದಾ? ನೀವು ತಂಗಿ ಮದುವೆಗೆ ಅಂತ ರಜೆ ಹಾಕಿದ್ರಲ್ಲ, ಆಗ ಒಸಿ ಕ್ಲೀನ್ ಮಾಡ್ದೆ. ಏನ್ ರೀ ಅದು, ಮೂರು ಕಂಪೈಲರು, ಊರುದ್ದ ಸೆಟ್ಟಿಂಗು! ನನ್ನ ಲ್ಯಾಪ್‌ಟಾಪಲ್ಲಿ ಬಿಲ್ಡ್ ಕೊಟ್ರೆ ಬರೀ ಕೆಂಪು ಎರರ್ರು. ಈಗ ನೋಡಿ, ಒಂದೇ ಕ್ಲಿಕ್. ಹಸಿರು.”

“ಎರರ್ ಬಂದಿದ್ದು ನೀವು ಮಿಕ್ಕಿದ ಎರಡು ಕಂಪೈಲರ್ ಹಾಕ್ಕೊಳ್ಳದೇ ಇದ್ದಿದ್ದಕ್ಕೆ.”

“ಸದ್ಯಕ್ಕೆ ಯಾಕೆ ಬೇಕಿತ್ತು? ಶೆಡ್ಡಿನ ಲೇತೆಲ್ಲ ಒಂದೇ ಥರ ಬೋರ್ಡು. ಸ್ಪೀಡ್ ತೋರಿಸೋ ಅಪ್‌ಡೇಟ್ ಕೇಳಿದ್ರು, ಹೋಗಿ ಎಲ್ಲದಕ್ಕೂ ಹಾಕ್ಬಂದೆ. ಹತ್ತು ದಿನದಿಂದ ಓಡ್ತಾ ಇದೆ, ಒಂದು ಕಂಪ್ಲೇಂಟ್ ಇಲ್ಲ.”

ಒಂದು ಕಂಪ್ಲೇಂಟ್ ಇಲ್ಲ! ನಿಖಾತ್‌ಗೆ ಕೋಪ ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಅವಳ ಅಮ್ಮ ಆ ದನಿ ಕೇಳಿದರೆ ಕೈಲಿದ್ದ ಸೌಟು ಕೆಳಗಿಟ್ಟು ಪಕ್ಕದ ಮನೆಗೆ ಹೋಗಿಬಿಡುತ್ತಿದ್ದಳು. ಶಶಿಕಿರಣ್‌ಗೆ ಅದೆಲ್ಲ ಎಲ್ಲಿ ಗೊತ್ತು, ಪಾಪ.

“ಲೇತಿಗೆ ಬೀಗ ಇತ್ತು. ನೀವು ತೆಗೆದಿದೀರಿ. ಅದಕ್ಕೇ ಕರೆಂಟ್ ಬಂದಾಗ ತಾನಾಗಿ ತಿರುಗಿದೆ.”

ಅವನ ಮುಖದಲ್ಲಿ ಏನೋ ಒಂದು ಸರಿದುಹೋಯಿತು. ಒಂದೇ ಕ್ಷಣ. ಆಮೇಲೆ ಕಾಫಿ ಲೋಟ ಮೇಜಿನ ಮೇಲಿಟ್ಟು ನಿಧಾನವಾಗಿ ಹೇಳಿದ. “ಪೆಡಲಿಗೆ ಚಕ್ಕೆ ಇಟ್ಟಿದ್ರು ಅವರು. ಮ್ಯಾನ್ಯುಯಲ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದೆ, ಪೆಡಲಿಗೆ ಏನೂ ಇಡಬಾರದು ಅಂತ. ಇಟ್ಟಿದ್ದು ಅವರ ತಪ್ಪು. ನಿಮ್ಮ ಮಾವ ಅಂತ ನೀವು ಹೀಗೆ ಮಾತಾಡ್ತಿದೀರಿ.”

“ಆ ಚಕ್ಕೆ ಇಡ್ತಾರೆ ಅಂತ ಗೊತ್ತಿದ್ದೇ ಬೀಗ ಇಟ್ಟಿದ್ದು, ಕಣ್ರೀ!”

ಅಷ್ಟರಲ್ಲಿ ರುದ್ರಯ್ಯ ಬಂದರು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಮೂರು ಫೋನು. ನಿಖಾತ್ ಎಲ್ಲವನ್ನೂ ಹೇಳಿದಳು. ಪರದೆ ತಿರುಗಿಸಿ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದರು, ಮತ್ತೆ ಹಾಕಿಕೊಂಡರು.

“ನೋಡವ್ವ ನಿಖಾತು, ಇದೆಲ್ಲ ನಂಗೆ ತಲೆಗೆ ಹತ್ತಾಕಿಲ್ಲ. ಮಕ್ಬೂಲಣ್ಣನ ಆಸ್ಪತ್ರೆದು ಪೂರ್ತಿ ನಂದು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಮಷಿನ್ನೇ ಕೆಟ್ಟೈತೆ ಅಂತ ಊರಲ್ಲಿ ಗುಲ್ಲೆದ್ರೆ ನಾವು ಅಂಗಡಿ ಮುಚ್ಕಂಡು ಹೋಗ್ಬೇಕಾಯ್ತದೆ. ಸೋಮವಾರ ಮಾಗಡಿ ಶೆಡ್‌ಗೆ ಬೇರೆ ಲೇತ್ ಹೋಗ್ಬೇಕು. ನಾಳೆ ಮಕ್ಬೂಲಣ್ಣ ಶೆಡ್‌ಗೆ ಬಂದು, ಚಕ್ಕೆ ಇಟ್ಟಿದ್ದು ನಂದೇ ತಪ್ಪು, ಎಲ್ರೂ ಜ್ವಾಪಾನ ಅಂತ ಒಂದು ಮಾತು ಹೇಳ್ತೀನಿ ಅಂದವ್ರೆ. ಅಲ್ಲಿಗೆ ಮುಗೀತು ಬುಡು.”

“ಹೇಳ್ತೀನಿ ಅಂದ್ರಾ? ಮಾಮು?”

“ಹೂಂ ಕಣವ್ವ. ಶಶಿ ಹೋಗಿ ಮಾತಾಡ್ಕಂಡು ಬಂದ.”

“ಮುಗೀತು ಅಂದ್ರೆ? ಶೆಡ್ಡಿನಲ್ಲಿ ಹದಿನೆಂಟು ಲೇತಿದೆ ಸಾರ್. ಈಗಲೂ ಒಂದಕ್ಕೂ ಬೀಗ ಇಲ್ಲ. ಈ ಕ್ಷಣ ಕರೆಂಟ್ ಹೋಗಿ ಬಂದ್ರೆ ಇನ್ನೊಬ್ಬರ ಕೈ ಹೋಗುತ್ತೆ!”

“ಅದುನ್ನ ನಿಧಾನಕ್ಕೆ ಸರಿ ಮಾಡುವಂತೆ ಇರವ್ವ. ಯಾರ್ಗೂ ಗೊತ್ತಾಗ್ದಂಗೆ. ಇನ್ನೊಂದು ಅಪ್‌ಡೇಟ್ ಅಂತ.”

ತಿಪ್ಪೆ ಸಾರಿಸುವುದು ಅಂದರೆ ಇದೇ ನೋಡಿ. ನಿಖಾತ್ ಬ್ಯಾಗ್ ಹೆಗಲಿಗೆ ಹಾಕಿದಳು. ಲ್ಯಾಪ್‌ಟಾಪನ್ನೂ ಎತ್ತಿಕೊಂಡಳು. ಮೇಜು ದಾಟುವಾಗ ಬ್ಯಾಗ್ ತಗುಲಿ ಶಶಿಕಿರಣ್‌ನ ಕಾಫಿ ಲೋಟ ಕೆಳಗೆ ಬಿತ್ತು. ಅವಳು ತಿರುಗಿ ನೋಡಲಿಲ್ಲ.

ಮೊದಲು ಓಡಿದ್ದು ಶೆಡ್ಡಿಗೆ. ಕೆಲಸ ನಡೆದೇ ಇತ್ತು. ಮೂಲೆಯಲ್ಲಿ ಮಾಮುವಿನ ಲೇತ್ ಒಂದು ಮಾತ್ರ ನಿಂತಿತ್ತು. ಪಕ್ಕದ ಲೇತಿನಲ್ಲಿ ಖುರ್ಷಿದಾ ತಾಳೆಗರಿ ಹಿಡಿದು ಹಳದಿ ಗಿಲಕಿಗೆ ಹೊಳಪು ಕೊಡುತ್ತಿದ್ದಳು. ವಯಸ್ಸಿನಲ್ಲಿ ನಿಖಾತಳ ಅಮ್ಮನ ಓರಗೆಯವಳು. ನಿಖಾತ್ ಬಾಗಿಲ ಪಕ್ಕದ ಮೈನ್ ಸ್ವಿಚ್ಚನ್ನು ಎಳೆದು ಆರಿಸಿದಳು. ಲೇತುಗಳೆಲ್ಲ ಗೊಣಗಿ ನಿಂತವು.

“ಏಯ್, ಯಾರದು ಆರಿಸಿದ್ದು!”

“ನಾನು ಖಾಲಾ. ನಾಳೆ ನಾನು ಬರೋತನಕ ಯಾರೂ ಹಾಕಬೇಡಿ. ಕರೆಂಟ್ ಬಂದಾಗ ಇವು ತಾನಾಗೇ ತಿರುಗ್ತವೆ.”

“ತಿರುಗ್ತವೆ, ಹೌದು. ಆ ಹುಡುಗ ಬಂದು ಹೋದಾಗಿನಿಂದ ಹಂಗೇ ತಿರುಗ್ತಾವೆ.”

ನಿಖಾತ್ ದಂಗಾದಳು. “ಮತ್ತೆ ನನಗ್ಯಾಕೆ ಹೇಳಲಿಲ್ಲ?”

“ನೀನೇ ಮಾಡಿರ್ತೀಯ ಅಂದ್ಕಂಡ್ವಿ ಕಣೆ. ಬಗ್ಗಿ ಚಕ್ಕೆ ಕೀಳೋ ಕಷ್ಟ ತಪ್ಪಿಸ್ದ್ಲು ನಮ್ ಹುಡ್ಗಿ, ಅಂತ ಖುಷಿಯಾಗಿದ್ವಿ. ನೀನು ಮಾಡಿದ್ಮೇಲೆ ಸರಿಯಾಗೇ ಇರ್ತದಲ್ವಾ?”

ಶಶಿಕಿರಣ್ ಮಾಡಿದ ಹಾಳು ಕೆಲಸವನ್ನು ಈ ಜನ ನಿಖಾತಳ ಹೆಸರಿನ ನಂಬಿಕೆಯ ಮೇಲೆ ಹತ್ತು ದಿನ ತಲೆಮೇಲೆ ಹೊತ್ತುಕೊಂಡಿದ್ದರು. ಅವಳು ಫ್ಯೂಸನ್ನು ಕಿತ್ತು ಬ್ಯಾಗಿಗೆ ಹಾಕಿಕೊಂಡು ಹೊರಟಳು. ಹಿಂದಿನಿಂದ ಯಾರೋ ಬೈದರು. ಬೈಯಲಿ ಬಿಡಿ, ಕೈ ಇದ್ದರೆ ತಾನೆ ಕೈ ತೋರಿಸಿ ಬೈಯುವುದು!

ಸಂಜೆಗೆ ಮಾಮುವನ್ನು ಮನೆಗೆ ಕಳುಹಿಸಿದ್ದರು. ಮುಮಾನಿ ಅಮೀರುನ್ನೀಸಾ ದಾಲು ಕಲಸಿದ ಅನ್ನವನ್ನು ಗಂಡನ ಬಾಯಿಗೆ ಇಡುತ್ತಿದ್ದಳು. ಮದುವೆಯಾದಾಗಿನಿಂದ ಆಕೆಯ ಕೈತುತ್ತು ತಿಂದವರಲ್ಲ ಮಾಮು. ನಾಚಿಕೆಯಿಂದ ಗೋಡೆ ಕಡೆ ಮುಖ ಮಾಡಿ ಬಾಯಿ ತೆರೆಯುತ್ತಿದ್ದರು. ನಿಖಾತ್ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

“ಮಾಮು, ನಾಳೆ ತಪ್ಪು ನಂದು ಅಂತ ಹೇಳ್ತೀರಂತೆ, ನಿಜಾನಾ?”

“ಬಾ ಬೇಟಾ, ಕುಂತ್ಕ. ಮೊದ್ಲು ಊಟ ಮಾಡು.”

“ನನಗೆ ಊಟ ಬೇಡ! ನಿಮ್ಮ ಬೆರಳು ಹೋಗಿದೆ, ಅದರ ಮೇಲೆ ತಪ್ಪನ್ನೂ ನೀವೇ ಹೊತ್ಕೊಂಡು ಓಡಾಡ್ತೀರಾ? ಎಷ್ಟು ಒಳ್ಳೇತನ ಮಾಮು ಇದು? ಯಾವ ಕಾಲಕ್ಕೆ ಬೇಕು ಈ ಒಳ್ಳೇತನ?”

“ಚಕ್ಕೆ ಇಟ್ಟಿದ್ದು ನಿಜ ತಾನೆ?”

“ಇಡದವರು ಯಾರಿದಾರೆ ಈ ಊರಲ್ಲಿ?”

ಮುಮಾನಿ ತಟ್ಟೆ ಕೆಳಗಿಟ್ಟಳು. ಅವಳಿಗೂ ಇಡೀ ದಿನ ತಡೆದುಕೊಂಡು ಸಾಕಾಗಿತ್ತು.

“ಹೇಳಿ ಅವಳಿಗೆ. ನೀವು ಹೇಳ್ತೀರಾ, ಇಲ್ಲಾ ನಾನು ಹೇಳಲಾ?” ಎಂದು ಗಂಡನನ್ನು ಕೇಳಿ, ಉತ್ತರಕ್ಕೆ ಕಾಯದೆ ತಾನೇ ಹೇಳಿಬಿಟ್ಟಳು. “ಆ ಶಶಿಕಿರಣ್ ಬಂದಿದ್ದ ಆಸ್ಪತ್ರೆಗೆ. ಸೇಬು ತಂದಿದ್ದ. ಮಷಿನ್ ತಪ್ಪು ಅಂತ ಆದ್ರೆ ಅದು ನಿಖಾತ್ ತಪ್ಪು ಅಂತಾಗುತ್ತೆ, ಪ್ರೋಗ್ರಾಂ ಬರೆದಿದ್ದು ಅವಳು, ಪೊಲೀಸು ಗಿಲೀಸು ಅಂದ್ರೆ ಅವಳನ್ನೇ ಕರೀತಾರೆ, ಹುಡುಗಿ ಬಾಳು ಹಾಳಾಗುತ್ತೆ, ಯೋಚನೆ ಮಾಡಿ ಅಂದ. ಇವರು ಯೋಚನೆ ಮಾಡಿದ್ರು. ಎರಡು ನಿಮಿಷಾನೂ ಮಾಡಲಿಲ್ಲ. ತಪ್ಪು ನಂದೇ ಅಂತ ಹೇಳ್ತೀನಿ ಅಂದ್ರು.”

ಎಂಥ ಮನುಷ್ಯ ಅವನು! ಬೆರಳು ತೆಗೆದು, ಸೇಬು ಕೊಟ್ಟು, ಅವಳ ತಲೆಮೇಲೆ ಗೂಬೆ ಕೂರಿಸಿ, ಆ ಗೂಬೆಯನ್ನು ಓಡಿಸುವ ಕೆಲಸವನ್ನೂ ಈ ಮುದುಕನ ಕೈಗೇ ಕೊಟ್ಟಿದ್ದ. ನಿಖಾತ್‌ಗೆ ಅಳು ಬರಬೇಕಿತ್ತು. ಬರಲಿಲ್ಲ. ಮೈಯೆಲ್ಲ ಉರಿಯುವಾಗ ಅಳು ಎಲ್ಲಿಂದ ಬರಬೇಕು? ಅವಳು ಮಾಮುವಿನ ಎದುರು ಕೂತು, ಅವರ ಎಡಗೈಯನ್ನು ಹಿಡಿದುಕೊಂಡಳು.

“ಮಾಮು, ನನ್ನ ಬೀಗ ಅವನು ತೆಗೆದಿದ್ದು. ನಾನು ಬರೆದಿದ್ದು ಸರಿಯಾಗಿತ್ತು.”

“ನಿನ್ನ ಮೇಲೆ ನಂಗೆ ಯಾವತ್ತು ಅನುಮಾನ ಇತ್ತು?” ಎಂದರು ಮಾಮು. “ಆದ್ರೆ ಅವರು ದೊಡ್ಡೋರು ಬೇಟಾ. ಹೆಂಗೆ ತೋರಿಸ್ತೀಯ?”

“ನಾಳೆ ನೀವು ಶೆಡ್ಡಿಗೆ ಬನ್ನಿ. ನಾನು ತೋರಿಸೋತನಕ ಬಾಯಿ ಬಿಡಬೇಡಿ. ಅಷ್ಟೇ ಸಾಕು.”

ಮಾಮು ತಲೆಯಾಡಿಸಿದರು. ಮುಮಾನಿ ಅದೇ ತಟ್ಟೆಯಿಂದ ಒಂದು ತುತ್ತು ತೆಗೆದು ನಿಖಾತಳ ಬಾಯಿಗೆ ತುರುಕಿದಳು. ಬೇಡ ಎಂದು ಹೇಳುವ ಧೈರ್ಯ ಆಗಲಿಲ್ಲ.

ಮರುದಿನ ಜುಮ್ಮಾ ನಮಾಜು ಮುಗಿದ ಮೇಲೆ ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ರುದ್ರಯ್ಯನವರಿಗೆ ಒಂದು ಮೇಜು, ಎರಡು ಕುರ್ಚಿ ಹಾಕಿದ್ದರು. ಶಶಿಕಿರಣ್ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಅವರ ಪಕ್ಕದಲ್ಲಿ ನಿಂತಿದ್ದ. ಮಾಮು ತಮ್ಮ ಲೇತಿನ ಪಕ್ಕದ ಸ್ಟೂಲಿನ ಮೇಲೆ, ಬ್ಯಾಂಡೇಜ್ ಕೈಯನ್ನು ಎದೆಗೆ ಒತ್ತಿಕೊಂಡು ಕೂತರು. ಮುಮಾನಿ ಅವರ ಬೆನ್ನ ಹಿಂದೆ ನಿಂತಳು.

“ಹಿಂಗಾಗ್ಬಾರ್ದಿತ್ತು, ಆಗೋಯ್ತು,” ಎಂದು ಶುರುಮಾಡಿದರು ರುದ್ರಯ್ಯ. “ಮಕ್ಬೂಲಣ್ಣ ನಮ್ಮೋರು. ಅವರೇ ಎರಡು ಮಾತು ಆಡ್ತಾರೆ. ಹೇಳಣ್ಣ.”

“ಅದಕ್ಕೆ ಮುಂಚೆ ಒಂದು ನಿಮಿಷ ಸಾರ್,” ಎಂದು ನಿಖಾತ್ ಮುಂದೆ ಬಂದಳು. ಕೇಳಿದ್ದಲ್ಲ, ಹೇಳಿದ್ದು. ಬ್ಯಾಗಿನಿಂದ ಫ್ಯೂಸ್ ತೆಗೆದು ಜಾಗಕ್ಕೆ ಹಾಕಿದಳು. ಮೈನ್ ಸ್ವಿಚ್ ಇನ್ನೂ ಆರಿಯೇ ಇತ್ತು. ಮಾಮುವಿನ ಲೇತ್ ಒಂದನ್ನು ಬಿಟ್ಟು ಉಳಿದೆಲ್ಲದರ ಪ್ಲಗ್ ಕಿತ್ತಳು. ಆ ಲೇತಿಗೆ ಹಾಲೆಮರದ ತುಂಡು ಸಿಕ್ಕಿಸಿ, ಪೆಡಲಿಗೆ ಚಕ್ಕೆ ಕೊಟ್ಟು, ತುಂಡಿನ ಮೇಲೆ ಒರೆಸುವ ಬಟ್ಟೆ ಹಾಕಿದಳು.

“ಶಶಿಕಿರಣ್, ಇಲ್ಲಿ ಬನ್ನಿ. ಈ ಬಟ್ಟೆ ಹಿಡ್ಕೊಂಡು ಒರೆಸ್ತಾ ಕೂತ್ಕೊಳ್ಳಿ. ಈಗ ಕರೆಂಟ್ ಇಲ್ಲ. ನಾನು ಹೋಗಿ ಸ್ವಿಚ್ ಹಾಕ್ತೀನಿ.”

ಅವನು ನಕ್ಕ. ಬೇರೆ ಯಾರೂ ನಗಲಿಲ್ಲ. “ಏನ್ ರೀ ಇದು ಡ್ರಾಮ?”

“ಮಷಿನ್ ಸರಿಯಾಗಿದೆ ಅಂತ ಹೇಳಿದೋರು ನೀವು. ನಾನು ಬರೆದ ಪ್ರೋಗ್ರಾಂನ ಕ್ಲೀನ್ ಮಾಡಿ ಹಾಕಿದೋರು ನೀವು. ಹತ್ತು ದಿನದಿಂದ ಇವರೆಲ್ಲ ಕೈ ಇಟ್ಟಿದಾರೆ. ನೀವೊಂದು ನಿಮಿಷ ಇಡಿ.”

“ನಾನ್ಯಾಕೆ ಇಡ್ಲಿ? ಚಕ್ಕೆ ಇಟ್ಟಿದೀರಿ ನೀವು, ಅದು ತಿರು...”

ಅವನು ಅಲ್ಲಿಗೆ ನಿಲ್ಲಿಸಿದ. ಆಡಬಾರದ್ದು ಬಾಯಿಗೆ ಬಂದುಬಿಟ್ಟಿತ್ತು. ತಿರುಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ರುದ್ರಯ್ಯ ಕುರ್ಚಿಯಲ್ಲೇ ಹೊರಳಿ ಅಳಿಯನ ಮುಖ ನೋಡಿದರು.

ನಿಖಾತ್ ಮತ್ತೆ ಕೇಳಲಿಲ್ಲ. ಬೆರಳು ದಪ್ಪದ ಒಂದು ಅರಗಿನ ಕಡ್ಡಿ ತೆಗೆದು ಬಟ್ಟೆಯ ಮಡಿಕೆಯಲ್ಲಿಟ್ಟು, ಎಲ್ಲರನ್ನೂ ಹಿಂದೆ ಸರಿಸಿ, ಹೋಗಿ ಸ್ವಿಚ್ ಹಾಕಿದಳು.

ಲೇತಿನ ಹತ್ತಿರ ಯಾರೂ ಇರಲಿಲ್ಲ. ಅದು ತಾನಾಗಿ ಎದ್ದಿತು. ಬಟ್ಟೆ ಸುತ್ತಿಕೊಂಡಿತು, ಕಡ್ಡಿ ಒಳಗೆ ಹೋಗಿ ಲಟಕ್ಕೆಂದು ಮುರಿಯಿತು. ಕೆಂಪು ಚೂರುಗಳು ಮೇಜಿನ ತನಕ ಸಿಡಿದವು. ನಿಖಾತ್ ಸ್ವಿಚ್ ಆರಿಸಿದಳು. ಮುಮಾನಿ ಬಿಕ್ಕಿ ಅತ್ತಳು.

“ಅಯ್ಯೋ ಶಿವನೇ,” ಎಂದರು ರುದ್ರಯ್ಯ.

“ಮೊದಲು ಹೀಗೆ ತಿರುಗ್ತಿರಲಿಲ್ಲ ಅನ್ನೋದು ಇಲ್ಲಿ ಕೂತಿರೋ ಎಲ್ಲರಿಗೂ ಗೊತ್ತು,” ಎಂದಳು ನಿಖಾತ್. “ಕೇಳಿ ಸಾರ್, ಬೇಕಾದ್ರೆ ಒಬ್ಬೊಬ್ಬರನ್ನೇ ಕೇಳಿ.”

“ಆದ್ರೂ ಚಕ್ಕೆ ಇಡಬಾರ್ದಿತ್ತಲ್ವಾ?” ಎಂದ ಶಶಿಕಿರಣ್. ಇಷ್ಟಾದರೂ ಅಂದ! ನೆಲಕ್ಕೆ ಬಿದ್ದರೂ ಮೀಸೆ ಮಾತ್ರ ಮೇಲೇ ಇರಬೇಕು ಅವನಿಗೆ. “ರೂಲ್ಸ್ ಅಂದ್ರೆ ರೂಲ್ಸ್.”

ಆಗ ಮಾಮು ಎದ್ದರು. ಬಗ್ಗಿ, ಎಡಗೈಯಿಂದ ತಮ್ಮ ಪೆಡಲಿನ ಚಕ್ಕೆ ಕಿತ್ತರು. ಬಲಗೈ ಅಭ್ಯಾಸಬಲದಿಂದ ಮೊದಲು ಮುಂದೆ ಬಂದು, ನೋವಿಗೆ ಹಿಂದೆ ಸರಿಯಿತು. ಅವರು ಮೇಜಿನವರೆಗೆ ನಡೆದು ಹೋಗಿ ಚಕ್ಕೆಯನ್ನು ರುದ್ರಯ್ಯನವರ ಮುಂದೆ ಇಟ್ಟರು.

“ನಾನು ಚಕ್ಕೆ ಇಟ್ಟಿದ್ದೆ ರುದ್ರಯ್ಯ. ಅದುನ್ನ ಹೇಳು ಅಂದ್ರಿ, ಹೇಳ್ತಾ ಇವ್ನಿ. ಇಲ್ಲಿ ಇಡದೇ ಇರೋರು ಯಾರಾನ ಇದ್ರೆ ಮುಂದೆ ಬರ್ಲಿ.”

ಯಾರೂ ಬರಲಿಲ್ಲ. ಖುರ್ಷಿದಾ ಎದ್ದಳು. ತನ್ನ ಲೇತಿನ ಕೆಳಗೆ ಕೈಹಾಕಿ ಚಕ್ಕೆ ಕಿತ್ತು ತಂದು ಮೇಜಿನ ಮೇಲೆ ಕುಕ್ಕಿದಳು. “ಇದು ನಂದು. ನಂದೂ ತಪ್ಪು ಬರ್ಕಳಪ್ಪ,” ಎಂದು ಶಶಿಕಿರಣ್‌ಗೆ ಹೇಳಿ ಹೋದಳು. ಅವಳ ಹಿಂದೆ ಅಸ್ಗರ್ ಬಂದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಕೆಲವು ಚಕ್ಕೆ ಹೊಸದು, ಕೆಲವು ಕಾಲಿನ ಬೆವರು ಕುಡಿದು ಕಪ್ಪಾಗಿದ್ದವು. ಒಂದರ ಮೇಲೆ ಯಾರೋ ಚಂದವಾಗಿ ಹಸಿರು ಅರಗು ಬೇರೆ ಹಚ್ಚಿದ್ದರು. ಮೇಜಿನ ಮೇಲೆ ರುದ್ರಯ್ಯನವರ ಮೂರು ಫೋನೂ ಮುಚ್ಚಿಹೋದವು.

ರುದ್ರಯ್ಯ ಆ ರಾಶಿಯನ್ನು ನೋಡಿದರು. ಆಮೇಲೆ ಎದ್ದು ನಿಂತರು.

“ಏನ್ಲಾ,” ಎಂದರು ಅಳಿಯನಿಗೆ. ಶೆಡ್ಡಿನ ತಗಡು ನಡುಗುವ ಹಾಗೆ. “ಗೊತ್ತಿತ್ತಾ ನಿಂಗೆ? ಗೊತ್ತಿದ್ದೂ ಹೋಗಿ ಸೇಬು ಕೊಟ್ಬಂದೇನ್ಲಾ?”

“ನಿಮಗೂ ನಿನ್ನೆ ಗೊತ್ತಾಗಿತ್ತು ಸಾರ್,” ಎಂದಳು ನಿಖಾತ್, ಅದೇ ಇಳಿದ ದನಿಯಲ್ಲಿ. “ನಾನೇ ಹೇಳಿದ್ದೆ. ಯಾರಿಗೂ ಗೊತ್ತಾಗದ ಹಾಗೆ ಸರಿ ಮಾಡು ಅಂದ್ರಿ.”

ರುದ್ರಯ್ಯ ಬೈಗುಳ ಅಳಿಯನ ಮೇಲೆ ಸುರಿದು ತಾವು ಕೈ ತೊಳೆದುಕೊಳ್ಳೋಣ ಎಂದಿದ್ದರೋ ಏನೋ, ಅದಕ್ಕೆ ಅವಳು ಎಡೆ ಕೊಡಲಿಲ್ಲ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. “ಅಂದೆ ಕಣವ್ವ,” ಎಂದರು. “ಅಂದ್ಬುಟ್ಟೆ. ಈಗೇನ್ ಮಾಡ್ಬೇಕು ಹೇಳು.”

“ಹದಿನೆಂಟಕ್ಕೂ ಬೀಗ ಬೀಳೋತನಕ ಒಂದು ಲೇತೂ ತಿರುಗಬಾರದು. ಮಾಗಡಿಗೆ ಬೀಗ ಇಲ್ಲದೆ ಒಂದೂ ಹೋಗಬಾರದು. ಯಾಕೆ ಅನ್ನೋದನ್ನ ಇವರಿಗೂ ಅವರಿಗೂ ನೀವೇ ಬಾಯಿಬಿಟ್ಟು ಹೇಳಬೇಕು.”

“ಆಯ್ತು.”

“ಇನ್ನೊಂದು. ಬಿಲ್ಡ್ ನಾನು ಮಾಡಲ್ಲ. ಶಶಿಕಿರಣ್ ಮಾಡ್ತಾರೆ.”

ಅವಳು ಬೆಳಗಿನ ಹೊತ್ತೆಲ್ಲ ಕೂತು ಬಿಲ್ಡ್ ಟೂಲನ್ನು ಮತ್ತೆ ಕಟ್ಟಿಕೊಂಡು ಬಂದಿದ್ದಳು. ಮೂರು ಕಂಪೈಲರ್, ಲೇತಿಗೊಂದು, ರೀಲಿಂಗಿಗೊಂದು ಸೆಟ್ಟಿಂಗ್ ಫೈಲು, ಎಲ್ಲ ಹಿಂದಿನ ಹಾಗೆಯೇ. ಹೊಸದಾಗಿ ಸೇರಿಸಿದ್ದು ಒಂದೇ. ಲ್ಯಾಪ್‌ಟಾಪನ್ನು ಮಾಮುವಿನ ಲೇತಿನ ಹಲಗೆಯ ಮೇಲೆ ಬಿಚ್ಚಿಟ್ಟು ಅವರ ಸ್ಟೂಲನ್ನೇ ಎಳೆದಳು. ಮಾಮು ಬಂದು ಪಕ್ಕದಲ್ಲಿ ನಿಂತರು.

“ಕೂತ್ಕೊಳ್ಳಿ ಶಶಿಕಿರಣ್. ಅವತ್ತು ಹೆಂಗೆ ಮಾಡಿದ್ರೋ ಹಂಗೇ ಮಾಡಿ. ಲೇತು, ಬೀಗ ಇಲ್ಲದೆ. ನಿಮ್ಮ ಒಂದೇ ಕ್ಲಿಕ್.”

ಅವನು ಮಾವನ ಮುಖ ನೋಡಿದ. ಮಾವ ಬೇರೆ ಕಡೆ ನೋಡಿದರು. ಅವನು ಕೂತು, ಬೀಗದ ಸಾಲು ಅಳಿಸಿ, ಬಿಲ್ಡ್ ಕೊಟ್ಟ. ಪರದೆ ಕೆಂಪಗಾಯಿತು. ಕಂಪೈಲರ್ ಕೆಲಸ ಶುರು ಮಾಡುವ ಮೊದಲೇ ಬಿಲ್ಡ್ ಟೂಲ್ ನಿಂತುಬಿಟ್ಟಿತ್ತು. ನಡುವೆ ಕನ್ನಡದಲ್ಲಿ ಮೂರು ಸಾಲು.

“ಜೋರಾಗಿ ಓದಿ. ಹಿಂದೆ ಇರೋರಿಗೆ ಕೇಳಬೇಕು.”

ಅವನ ಕಿವಿ ಕೆಂಪಾಗಿತ್ತು.

“ಬಿಲ್ಡ್ ನಿಲ್ಲಿಸಲಾಗಿದೆ,” ಎಂದು ಓದಿದ. “ಈ ಲೇತಿಗೆ ಬೀಗ ಹಾಕಿಲ್ಲ. ಮೊದಲು ಹೋಗಿ... ಮಕ್ಬೂಲ್ ಸಾಹೇಬರ ಬಲಗೈ ನೋಡಿಕೊಂಡು ಬನ್ನಿ.”

ಕೈ ನೋಡಲು ಅವನು ಎಲ್ಲಿಗೂ ಹೋಗಬೇಕಿರಲಿಲ್ಲ. ಅದು ಅವನ ಹೆಗಲ ಪಕ್ಕದಲ್ಲೇ, ಬಿಳಿ ಬ್ಯಾಂಡೇಜಿನಲ್ಲಿ, ಅವನು ಕೂತಿದ್ದ ಆ ಸ್ಟೂಲಿನ ಯಜಮಾನನ ಎದೆಯ ಮೇಲಿತ್ತು. ಬ್ಯಾಂಡೇಜಿನ ಒಂದು ಬದಿ ಕಂದು ಬಣ್ಣಕ್ಕೆ ತಿರುಗಿತ್ತು. ಶಶಿಕಿರಣ್ ತಲೆಯೆತ್ತಿ ಅದನ್ನು ನೋಡಿದ. ಆಸ್ಪತ್ರೆಯಲ್ಲಿ ಸೇಬಿನ ಚೀಲ ಇಟ್ಟು ಬಂದಿದ್ದನೇ ಹೊರತು, ಅವತ್ತು ಅದನ್ನು ನೋಡಿರಲಿಲ್ಲ.

“ನೋಡಿದ್ದಾಯ್ತಲ್ಲ,” ಎಂದರು ಮಕ್ಬೂಲ್. “ಈಗ ಬೀಗ ಹಾಕಪ್ಪ.”